ಇಪ್ಪತ್ತೈದನೆಯ ಕುರ್ಚಿ

೮ ಜನವರಿ ೧೯೯೬

ಅಪ್ಪನಿಗೆ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಆರೋಗ್ಯದ ಸುದ್ದಿ ಚಿಕ್ಕಮ್ಮನಿಂದ ತಿಳಿಯುತ್ತಲೇ ಇರುತ್ತದೆ, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನೀವು ಕೆಲಸ ಮಾಡುತ್ತಿದ್ದ ಮರಗೆಲಸದ ಕಾರ್ಖಾನೆಯಲ್ಲಿ ೧೯೫೮ರಲ್ಲಿ ಹೊಸ ಲೈಬ್ರರಿಗಾಗಿ ಓದುವ ಕುರ್ಚಿಗಳನ್ನು ಮಾಡಿದಿರಿ. ಕಂಬಗಳ ಮೇಲೆ ನಿಂತ ಬಿಳಿ ಕಟ್ಟಡ, ಗೋಡೆಯುದ್ದಕ್ಕೂ ಪಟ್ಟಿಯ ಹಾಗೆ ಓಡುವ ಕಿಟಕಿ, ಚಪ್ಪಟೆ ಚಾವಣಿ. ಈಗ ಅದು ಈ ಶತಮಾನದ ಹೆಗ್ಗುರುತುಗಳ ಪಟ್ಟಿಯಲ್ಲಿದೆ. ಅದರ ಆರ್ಕಿಟೆಕ್ಟರೇ ನಕ್ಷೆ ಬರೆದ ಕುರ್ಚಿಯಂತೂ ಕಟ್ಟಡಕ್ಕಿಂತ ಹೆಚ್ಚು ಹೆಸರು ಮಾಡಿದೆ. ಎಲ್ಲ ಪುಸ್ತಕಗಳೂ ಒಟ್ಟು ಇಪ್ಪತ್ತನಾಲ್ಕು ಕುರ್ಚಿ ಎನ್ನುತ್ತವೆ. ಆರು ನಮ್ಮ ಮ್ಯೂಸಿಯಮ್ಮಿನಲ್ಲಿವೆ, ಉಳಿದ ಹದಿನೆಂಟು ಎಲ್ಲೆಲ್ಲಿವೆ ಎಂಬುದೂ ಗೊತ್ತು. ಹೋದ ತಿಂಗಳು ಇಪ್ಪತ್ತೈದನೆಯದೊಂದು ಮಾರಾಟಕ್ಕೆ ಬಂದಿದೆ. ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಆ ಕಾರ್ಖಾನೆಯವರಲ್ಲಿ ಬದುಕಿರುವುದು ನೀವೊಬ್ಬರೇ. ನನ್ನ ಪ್ರಶ್ನೆ ಒಂದೇ: ನೀವೆಲ್ಲ ಸೇರಿ ಮಾಡಿದ್ದು ಎಷ್ಟು ಕುರ್ಚಿ? ಒಂದು ಸಾಲಿನ ಉತ್ತರ ಸಾಕು.

ನಿಮ್ಮ ಮಗಳು


೧೯ ಜನವರಿ ೧೯೯೬

ಮಗಳೇ,

ಲಕೋಟೆಯ ಮೇಲೆ ಮ್ಯೂಸಿಯಮ್ಮಿನ ಮುದ್ರೆ ನೋಡಿ ಪೋಸ್ಟಿನವನು ನನ್ನನ್ನು ಮೇಲಿಂದ ಕೆಳಗೆ ಅಳೆದ. "ಏನ್ ಯಜಮಾನ್ರೇ, ನಿಮ್ಮನ್ನೂ ಗಾಜಿನ ಪೆಟ್ಟಿಗೇಲಿ ಇಡ್ತಾರಂತಾ?" ಎಂದ. ಒಡೆದು ನೋಡಿದರೆ ಒಳಗೆ 'ನೀವು', 'ಮಾಡಿದಿರಿ'. ಮಾತು ಕಲಿತ ದಿನದಿಂದ ನನ್ನನ್ನು 'ನೀನು' ಎಂದವಳು ನೀನು. ಮರ್ಯಾದೆ ಇದ್ದಕ್ಕಿದ್ದಂತೆ ಏರಿದ ಕಡೆ ಹುಷಾರಾಗಿರಬೇಕು ಎಂದು ನಿನ್ನ ಅಮ್ಮ ಹೇಳುತ್ತಿದ್ದಳು. ಈ ಪತ್ರ ನೀನಾಗಿ ಬರೆದದ್ದೋ, ನಿನ್ನ ಮೇಲಿನವರು ಪಕ್ಕದಲ್ಲಿ ಕೂತು ಬರೆಸಿದ್ದೋ?

ನಾನು ಚೆನ್ನಾಗಿದ್ದೇನೆ. ಎಡಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಹಿಂದಿನ ಬಾಗಿಲು ತೇವಕ್ಕೆ ಉಬ್ಬಿ ಸಿಕ್ಕಿಕೊಳ್ಳುತ್ತಿತ್ತು, ಹೆರೆದು ಸರಿ ಮಾಡಿದೆ. ಎದುರು ಮನೆಯ ಟೈಪಿಸ್ಟು ದಿನಾ ಬಂದು ನನ್ನ ಪೇಪರು ನನಗಿಂತ ಮೊದಲು ಓದಿ, ಮಡಿಸದೆ ಹೋಗುತ್ತಾನೆ.

ಎಷ್ಟು ಕುರ್ಚಿ ಎಂದರೆ ಏನು ಹೇಳಲಿ? ಮೂವತ್ತೆಂಟು ವರ್ಷದ ಹಿಂದಿನ ಮಾತು. ಮೇಜಿನ ಸುತ್ತ ಇಪ್ಪತ್ತನಾಲ್ಕು ಜನ ಕೂರುತ್ತಿದ್ದರು, ಅಷ್ಟು ನೆನಪಿದೆ. ಪುಸ್ತಕದವರನ್ನೇ ನಂಬು, ನೀನೂ ಪುಸ್ತಕದವಳೇ ಅಲ್ಲವೆ.

ಆ ಕುರ್ಚಿಯ ಸೀಟು ಇನ್ನೂ ಹೊಸದರ ಹಾಗೇ ಇರಬೇಕಲ್ಲ? ಬಿಸಿಲಿಗೆ ಇಡಬೇಡಿರಿ, ಪ್ಲೈವುಡ್ಡು ಬಿಟ್ಟುಕೊಳ್ಳುತ್ತದೆ.

ಅಪ್ಪ


೨೭ ಜನವರಿ ೧೯೯೬

ಅಪ್ಪ,

ಸರಿ, 'ನೀನು'. ಇದನ್ನು ಮನೆಯಲ್ಲಿ ಕೂತು ಸಾದಾ ಹಾಳೆಯ ಮೇಲೆ ಬರೆಯುತ್ತಿದ್ದೇನೆ, ಪಕ್ಕದಲ್ಲಿ ಯಾರೂ ಇಲ್ಲ. ಆ ಕಾರ್ಖಾನೆಯ ಉಳಿದಿರುವ ಒಬ್ಬನೇ ಬಡಗಿ ನನ್ನ ಅಪ್ಪ ಎಂದು ಇಲ್ಲಿ ಯಾರಿಗೂ ತಿಳಿಯದು. ನಾನು ಹೇಳಿಲ್ಲ.

ಸೀಟು ಹೊಸದರ ಹಾಗಿದೆ ಎಂದು ನಿನಗೆ ಹೇಗೆ ಗೊತ್ತಾಯಿತು? ನಾನು ಬರೆದಿರಲಿಲ್ಲ. ನನ್ನ ಪತ್ರದ ಪ್ರತಿ ತೆಗೆದು ಎರಡು ಸಲ ಓದಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ನಿಜ, ಸೀಟಿನ ಮೇಲೆ ಯಾರೂ ಕೂತ ಗುರುತಿಲ್ಲ. ಅದೇ ಮೊದಲ ಅನುಮಾನ. ಎರಡನೆಯದು ಹಿಂಗಾಲು. ಅಸಲಿ ಕುರ್ಚಿಯ ಹಿಂಗಾಲು ಸೀಟನ್ನು ಸೇರುವಲ್ಲಿ ನವಿರಾಗಿ ಉಬ್ಬಿ, ಮತ್ತೆ ಸಣ್ಣದಾಗಿ ಬೆನ್ನಿನವರೆಗೆ ಏರುತ್ತದೆ. ಆ ಉಬ್ಬಿಗಾಗಿಯೇ ಆ ಕುರ್ಚಿ ಪ್ರಸಿದ್ಧ, ನನ್ನ ಪುಸ್ತಕದ ಮುಕ್ಕಾಲು ಪಾಲು ಅದರ ಮೇಲೆಯೇ ಇದೆ. ಈ ಹೊಸ ಕುರ್ಚಿಯಲ್ಲಿ ಉಬ್ಬೇ ಇಲ್ಲ, ಕಾಲು ಕಡ್ಡಿಯ ಹಾಗೆ ನೆಟ್ಟಗಿದೆ. ನಕಲು ಮಾಡಿದವನಿಗೆ ಕೈ ಇದೆ, ಕಣ್ಣಿಲ್ಲ.

ಯಾರಾದರೂ ಬಂದು ನಿನ್ನ ಕೈಯಲ್ಲಿ ಇದನ್ನು ಮಾಡಿಸಿಕೊಂಡಿದ್ದಾರೆಯೆ? ಹೌದಾದರೆ ಈಗಲೇ ಹೇಳು. ಬೇರೆಯವರ ಬಾಯಿಂದ ತಿಳಿಯುವುದು ಬೇಡ.

ಮಗಳು


೬ ಫೆಬ್ರವರಿ ೧೯೯೬

ಮಗಳೇ,

ಕೈ ಇದೆ, ಕಣ್ಣಿಲ್ಲ. ಒಳ್ಳೆಯ ಮಾತು. ಟೈಪಿಸ್ಟನಿಗೂ ಓದಿ ಹೇಳಿದೆ, ಅವನು ನಕ್ಕ.

ನಿನ್ನ ಪುಸ್ತಕ ಬಿಡುಗಡೆಯ ದಿನ ಕಾಫಿ ಲೋಟ ಹಿಡಿದು ನಿಂತಿದ್ದ ನಿನ್ನ ಹತ್ತಿರ ಬಂದು, ನಲವತ್ತೇಳನೆಯ ಪುಟದಲ್ಲಿ ಉಬ್ಬಿನ ಅಳತೆ ತಪ್ಪಾಗಿದೆ, ಹನ್ನೊಂದು ಮಿಲಿಮೀಟರಲ್ಲ, ಒಂಬತ್ತು ಎಂದೆ. ಅಷ್ಟೇ ಅಂದದ್ದು. ಹೊರಗೆ ಮೆಟ್ಟಿಲ ಮೇಲೆ ನೀನು ಏನಂದೆ ನೆನಪಿದೆಯೆ? "ಜೀವಮಾನ ಎಲ್ಲಾ ಬೇರೆಯವರ ಕುರ್ಚಿ ರಿಪೇರಿ ಮಾಡ್ದೆ, ನಿಂದು ಅಂತ ಒಂದು ಸ್ಟೂಲೂ ಮಾಡ್ಲಿಲ್ಲ. ನಿನಗೇನು ಗೊತ್ತಾಗತ್ತೆ ಇದೆಲ್ಲ?" ಆ ಮಾತು ಆಡಿದವಳು ಈಗ, ನೀನೇ ಮಾಡಿದೆಯಾ ಎಂದು ಕೇಳುತ್ತಿದ್ದಾಳೆ. ನನ್ನ ಯೋಗ್ಯತೆ ಮೂರು ವರ್ಷದಲ್ಲಿ ಬಹಳ ಏರಿದೆ.

ನಾನು ಮಾಡಿಕೊಟ್ಟಿಲ್ಲ. ಯಾರೂ ಬಂದಿಲ್ಲ. ಆದರೆ ಅದು ನಕಲಿ ಎಂದು ಬರೆಯಬೇಡ. ಯಾಕೆ ಎಂದು ಕೇಳಬೇಡ. ಹೇಳಬಾರದ ಕಾರಣ ಇದೆ, ಅದು ನನ್ನೊಬ್ಬನದಲ್ಲ.

ಅಪ್ಪ


೧೫ ಫೆಬ್ರವರಿ ೧೯೯೬

ಅಪ್ಪ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಸಾಕು. ನಿನ್ನ ಪತ್ರ ಬಂದ ಮೇಲೆ ನಮ್ಮ ಆರೂ ಕುರ್ಚಿಗಳನ್ನು ಬೋರಲು ಹಾಕಿ ನೋಡಿದೆ. ಹತ್ತು ವರ್ಷದಿಂದ ಕಾಲನ್ನೇ ನೋಡುತ್ತಿದ್ದವಳು ಸೀಟಿನ ಅಡಿಯನ್ನು ಸರಿಯಾಗಿ ನೋಡಿರಲೇ ಇಲ್ಲ. ಅಲ್ಲಿ ನಂಬರಿನ ಹಿತ್ತಾಳೆ ಬಿಲ್ಲೆ ಇದೆಯಲ್ಲ, ಆರರಲ್ಲೂ ಅದನ್ನು ಹಿಡಿದಿರುವುದು ಸ್ಟಾರ್ ಸ್ಕ್ರೂ. ೧೯೫೮ರಲ್ಲಿ ನಿಮ್ಮ ಕಾರ್ಖಾನೆಯಲ್ಲಿ ಬಳಸುತ್ತಿದ್ದದ್ದು ಒಂದೇ ಗೀರಿನ ಸ್ಕ್ರೂ ಎಂದು ನೀನೇ ನನಗೆ ಚಿಕ್ಕವಳಿದ್ದಾಗ ಡಬ್ಬಿ ತೋರಿಸಿ ಹೇಳಿದ್ದೆ. ಇಪ್ಪತ್ತೈದನೆಯ ಕುರ್ಚಿಯಲ್ಲಿರುವುದು ಆ ಹಳೆಯ ಸ್ಕ್ರೂಗಳು.

ಅಂದರೆ ಯಾರೋ ಲೈಬ್ರರಿಯ ಕುರ್ಚಿಗಳ ಬಿಲ್ಲೆ ಬಿಚ್ಚಿ ಬೇರೆ ಕುರ್ಚಿಗಳಿಗೆ ಹಾಕಿದ್ದಾರೆ. ಲೈಬ್ರರಿಯ ಕುರ್ಚಿಗಳನ್ನು ರಿಪೇರಿಗೆಂದು ಮುಟ್ಟುತ್ತಿದ್ದವನು ನೀನೊಬ್ಬನೇ. ಆ ಹಳೆಯ ಕುರ್ಚಿಗಳು, ಅವುಗಳ ಕಾಲು, ಸೀಟು ಎಲ್ಲಿ ಹೋದವು? ಯಾರಿಗೆ ಕೊಟ್ಟೆ? ಬೇಲಿಯೇ ಎದ್ದು ಹೊಲ ಮೇಯ್ದಿತೆ? ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ: ನನ್ನ ಅಪ್ಪ ಕಳ್ಳನೆ?

ಮಾರ್ಚ್ ಹನ್ನೊಂದಕ್ಕೆ ಸಮಿತಿಯ ಸಭೆ. ನಕಲಿ ಎಂದು ನಾನು ವರದಿ ಕೊಟ್ಟರೆ ಮಾರಲು ತಂದವರ ಮೇಲೆ ಪೊಲೀಸ್ ದೂರು ಕೊಡುತ್ತಾರೆ. ತಂದವಳು ಒಬ್ಬ ನರ್ಸ್. ಹಳೆಯ ಲೈಬ್ರರಿಯಮ್ಮನ ತಂಗಿಯ ಮಗಳು. ದೊಡ್ಡಮ್ಮ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಸಿಕ್ಕಿತು ಎನ್ನುತ್ತಾಳೆ. ಯಾರೂ ನಂಬುತ್ತಿಲ್ಲ, ನಾನೂ ನಂಬಿಲ್ಲ. ನಿನ್ನ ಉತ್ತರಕ್ಕಾಗಿ ಫೆಬ್ರವರಿ ಮುಗಿಯುವವರೆಗೆ ಕಾಯುತ್ತೇನೆ.

ಮಗಳು


೨೬ ಫೆಬ್ರವರಿ ೧೯೯೬

ಮಗಳೇ,

ನಿನ್ನ ಪತ್ರ ಒಂದು ವಾರ ಮೇಜಿನ ಮೇಲೆ ಬಿದ್ದಿತ್ತು. ಟೈಪಿಸ್ಟು ಪೇಪರಿನ ಜೊತೆ ಅದನ್ನೂ ಓದಿಯಾನೆಂದು ಮೇಲೆ ಸುತ್ತಿಗೆ ಇಟ್ಟಿದ್ದೆ. ನನ್ನ ವಿಷಯ ಮಾತ್ರವೇ ಆಗಿದ್ದರೆ ಉತ್ತರ ಬರೆಯುತ್ತಿರಲಿಲ್ಲ, ಕಳ್ಳ ಎಂದೇ ಇದ್ದುಬಿಡುತ್ತಿದ್ದೆ. ಆದರೆ ಆ ನರ್ಸ್ ಹುಡುಗಿಯನ್ನು ಪೊಲೀಸರ ಮುಂದೆ ನಿಲ್ಲಿಸುತ್ತೀರಿ ಎಂದ ಮೇಲೆ ಬಾಯಿ ಮುಚ್ಚಿಕೊಂಡಿರಲಾರೆ. ಲೈಬ್ರರಿಯಮ್ಮನಿಗೆ ಮಾತು ಕೊಟ್ಟಿದ್ದೆ. ಅವರು ಹೋದರೂ ಮಾತು ಉಳಿದಿತ್ತು. ಇವತ್ತು ಮುರಿಯುತ್ತಿದ್ದೇನೆ.

ನಾವು ಮಾಡಿದ್ದು ಇಪ್ಪತ್ತೈದು. ಯಾವುದಾದರೂ ಮುರಿದರೆ ಇರಲಿ ಎಂದು ಒಂದು ಹೆಚ್ಚಿಗೆ. ಅದನ್ನಿಡಲು ಕಟ್ಟಡದಲ್ಲಿ ಜಾಗವಿರಲಿಲ್ಲ. ಅಷ್ಟು ದೊಡ್ಡ ಆರ್ಕಿಟೆಕ್ಟು ಸಾಮಾನು ತುಂಬುವುದಕ್ಕೆ ಒಂದು ಗೂಡಿನಷ್ಟು ಕೋಣೆಯನ್ನೂ ಬರೆದಿರಲಿಲ್ಲ. ಲೈಬ್ರರಿಯಮ್ಮ ಅದನ್ನು ತಮ್ಮ ಮನೆಗೆ ಒಯ್ದು ಅದರ ಮೇಲೆ ಪುಸ್ತಕ ಒಟ್ಟಿದರು. ಒಂದು ದಿನವೂ ಯಾರೂ ಅದರಲ್ಲಿ ಕೂರಲಿಲ್ಲ, ಅದಕ್ಕೇ ಉಳಿಯಿತು. ಆರ್ಕಿಟೆಕ್ಟು ಬರೆದ ಹಾಗೇ, ನೆಟ್ಟನೆ ಕಾಲಿನಲ್ಲಿ ಈಗ ಲೋಕದಲ್ಲಿರುವ ಕುರ್ಚಿ ಅದೊಂದೇ. ನೀನು ನಕಲಿ ಎನ್ನುತ್ತಿರುವುದು ಅದನ್ನೇ.

ಮಿಕ್ಕವುಗಳ ಕಥೆ ಕೇಳು. ಮೂರನೆಯ ವರ್ಷಕ್ಕೇ ಹಿಂಗಾಲುಗಳು ಸೀಳತೊಡಗಿದವು. ಸೀಟು ಬಂದು ಸೇರುವ ಜಾಗದಲ್ಲಿ ತೂತು ಕೊರೆದ ಮೇಲೆ ಉಳಿಯುತ್ತಿದ್ದ ಮರ ಕಿರುಬೆರಳಿನಷ್ಟು. ಮಾಡುವಾಗಲೇ ಹೇಳಿದ್ದೆ. "ನಕ್ಷೆ ಇದ್ದಂಗೆ ಮಾಡಯ್ಯಾ" ಎಂದರು, ಮಾಡಿದೆ. ಒಂದು ದಿನ ಒಬ್ಬರು ವಯಸ್ಸಾದ ಮೇಷ್ಟರು ಓದುತ್ತಾ ಹಿಂದಕ್ಕೆ ಒರಗಿದರು, ಕಾಲು ಲಟಕ್ಕೆಂದಿತು, ಮೇಷ್ಟರ ಮಣಿಕಟ್ಟು ಮುರಿಯಿತು. ಲೈಬ್ರರಿಯಮ್ಮ ಆರ್ಕಿಟೆಕ್ಟಿಗೆ ಪತ್ರ ಬರೆದರು. ಓದುಗರು ನೆಟ್ಟಗೆ ಕೂರುವುದನ್ನು ಕಲಿಯಬೇಕು ಎಂದು ಉತ್ತರ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಜೊತೆಗೆ, ಕುರ್ಚಿಯಲ್ಲಿ ಒಂದು ಮೊಳೆ ಬದಲಾದರೂ ಒಪ್ಪಂದ ಮುರಿದಂತೆ, ಎಲ್ಲ ಕುರ್ಚಿಗಳನ್ನೂ ವಾಪಸು ಒಯ್ಯುತ್ತೇನೆ ಎಂದೂ ಬರೆದಿದ್ದರು. ಕುರ್ಚಿ ಹೋದರೆ ಓದುವವರು ಎಲ್ಲಿ ಕೂರಬೇಕು? ಹೊಸದು ಕೊಳ್ಳಲು ಲೈಬ್ರರಿಗೆ ಗತಿಯಿರಲಿಲ್ಲ.

ಲೈಬ್ರರಿಯಮ್ಮ ನನ್ನನ್ನು ಕರೆಸಿದರು. "ನೋಡೀಪ್ಪಾ, ಮಾಡಬೇಕು. ಮಾಡಿದ್ದು ಕಾಣಬಾರ್ದು" ಎಂದರು. ವಾರದ ರಜೆಯ ದಿನ ಒಂದು ಕುರ್ಚಿ ಮನೆಗೆ ತರುವುದು, ಬಿಡುವಾದಾಗ ಹೊಸ ಹಿಂಗಾಲು ಹಾಕುವುದು, ಇನ್ನೊಂದು ರಜೆಯ ದಿನ ವಾಪಸು ಇಡುವುದು. ವರ್ಷಕ್ಕೆ ಮೂರರಂತೆ ಎಂಟು ವರ್ಷ. ಸೀಳುವ ಜಾಗದಲ್ಲಿ ಒಂಬತ್ತು ಮಿಲಿಮೀಟರು ಹೆಚ್ಚು ಮರ ಬಿಟ್ಟೆ. ಅಲ್ಲಷ್ಟೇ ದಪ್ಪ ಮಾಡಿದರೆ ಗಂಟಿನ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು. ಅದಕ್ಕೇ ಮೇಲಕ್ಕೂ ಕೆಳಕ್ಕೂ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದೆ, ಯಾರ ಗಮನಕ್ಕೂ ಬರಬಾರದು ಎಂದು. ನಿನ್ನ ಉಬ್ಬು ಅದೇ. ಚಪ್ಪಟೆ ಚಾವಣಿ ಸೋರಿ ಸೀಟುಗಳೂ ಬಿಟ್ಟುಕೊಂಡಿದ್ದವು, ಅವನ್ನೂ ಬದಲಿಸಿದೆ. ಬಿಲ್ಲೆಯನ್ನು ಹೊಸ ಸೀಟಿಗೆ ಹಾಕಲೇಬೇಕಿತ್ತು. ಸ್ಟಾರ್ ಸ್ಕ್ರೂ ಆಗ ಹೊಸದಾಗಿ ಬಂದಿತ್ತು, ಸಂಭ್ರಮಕ್ಕೆ ಹಾಕಿಬಿಟ್ಟೆ. ಅದೊಂದು ಬುದ್ಧಿಗೇಡಿ ಕೆಲಸ. ಮುಂಗಾಲು, ಕೈಗಳು ಮೊದಲಿನವೇ.

ಹಳೆಯ ಕಾಲುಗಳನ್ನು ಯಾರಿಗೆ ಕೊಟ್ಟೆ ಎಂದು ಕೇಳಿದ್ದೀಯ. ಅವು ನಿನ್ನ ಸ್ನಾನದ ನೀರು ಕಾಯಿಸಿದವು.

ಆರ್ಕಿಟೆಕ್ಟು ೧೯೭೦ರಲ್ಲಿ ಒಮ್ಮೆ ಲೈಬ್ರರಿ ನೋಡಲು ಬಂದರು. ಕುರ್ಚಿಯ ಕಾಲಿನ ಮೇಲೆ ಕೈ ಆಡಿಸಿ ನಿಂತರು, ಮತ್ತೊಮ್ಮೆ ಆಡಿಸಿದರು. "ಇದನ್ನ ಯಾರಾದ್ರೂ ಮುಟ್ಟಿದ್ರಾ?" ಎಂದು ಕೇಳಿದರು. "ನಿಮ್ಮ ಕುರ್ಚಿ ಸಾರ್, ಯಾರು ಮುಟ್ತಾರೆ?" ಎಂದರು ಲೈಬ್ರರಿಯಮ್ಮ. ಅವರು ಇನ್ನೊಂದು ಕುರ್ಚಿಯ ಕಾಲನ್ನೂ ಸವರಿ ನೋಡಿ ಹೊರಟುಹೋದರು. ಗೊತ್ತಾಯಿತು ಎಂದೇ ನನ್ನ ಅನುಮಾನ.

ಇನ್ನು ನಿನ್ನ ಪುಸ್ತಕ. 'ಇಲ್ಲಿ ಮರ ಉಸಿರೆಳೆದುಕೊಂಡು ಭಾರ ಹೊರಲು ಸಜ್ಜಾಗುತ್ತದೆ' ಎಂದು ಬರೆದಿದ್ದೀಯಲ್ಲ, ಉಸಿರೆಳೆದುಕೊಂಡದ್ದು ಮರವಲ್ಲ, ನಾನು, ಬಾಗಿಲಲ್ಲಿ ಯಾರಾದರೂ ಬಂದಾರು ಎಂದು. ಆದರೂ ಓದಿ ಎದೆ ತುಂಬಿ ಬಂತು. ಮಗಳು ನನ್ನ ಕೆಲಸವನ್ನು ನೂರಾರು ಪುಟ ಹೊಗಳಿದ್ದಳು, ಹೆಸರೊಂದು ಬೇರೆಯವರದು. ಹೇಳಿದರೆ ನಿನ್ನ ಪುಸ್ತಕ ಕುಸಿಯುತ್ತಿತ್ತು. ಹೇಳದಿರಲೂ ತಡೆಯಲಾಗಲಿಲ್ಲ, ಅಳತೆಯನ್ನಾದರೂ ತಿದ್ದೋಣ ಎಂದು ಬಾಯಿ ಬಿಟ್ಟೆ. ನೀನು ಅಳೆದದ್ದು ಏಳನೆಯ ನಂಬರಿನದು. ಅದೊಂದರಲ್ಲಿ ಮಾತ್ರ ಹನ್ನೊಂದು ಉಳಿಯಿತು. ಆ ವಾರ ನಿನಗೆ ಜ್ವರ. ಅರ ಹಾಕಿ ತೆಳ್ಳಗೆ ಮಾಡುವುದನ್ನು ಅರ್ಧಕ್ಕೆ ಬಿಟ್ಟು ನಿನ್ನನ್ನು ಎತ್ತಿಕೊಂಡು ಓಡಾಡುತ್ತಿದ್ದೆ.

ಅಪ್ಪ


೨ ಮಾರ್ಚ್ ೧೯೯೬

ಅಪ್ಪ,

ಪತ್ರ ಬಂದ ಬೆಳಿಗ್ಗೆಯೇ ಹೋಗಿ ಆರನ್ನೂ ಅಳೆದೆ. ನಂಬಿ ಅಳೆಯಲಿಲ್ಲ, ಸುಳ್ಳು ಹಿಡಿಯೋಣ ಎಂದೇ ಅಳೆದೆ. ಐದರಲ್ಲಿ ಒಂಬತ್ತು. ಏಳನೆಯದರಲ್ಲಿ ಹನ್ನೊಂದು. ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಕಾವಲಿನವರು ಬಂದು ನೀರು ಬೇಕಾ ಎಂದು ಕೇಳಿದರು.

ಆಮೇಲೂ ಒಂದು ಅನುಮಾನ ಉಳಿದಿತ್ತು. ಆರ್ಕಿಟೆಕ್ಟರ ನಕ್ಷೆ ನಮ್ಮಲ್ಲಿದೆ, ಅದರಲ್ಲಿ ಉಬ್ಬು ಸ್ಪಷ್ಟವಾಗಿದೆ, ಅವರ ಕೈಯಲ್ಲೇ ೧೯೫೭ ಎಂದು ಬರೆದಿದೆ. ಅದನ್ನು ತೆಗೆಸಿ ನೋಡಿದೆ. ಹಾಳೆಯ ಮೂಲೆಯಲ್ಲಿ ಅಚ್ಚಾಗಿರುವ ವಿಳಾಸ ಅವರ ಎರಡನೆಯ ಆಫೀಸಿನದು. ಆ ಆಫೀಸಿಗೆ ಅವರು ಹೋದದ್ದೇ ೧೯೬೫ರಲ್ಲಿ. ನೀನು ಅನುಮಾನಪಟ್ಟದ್ದು ನಿಜ, ಅವರಿಗೆ ಗೊತ್ತಾಗಿತ್ತು. ಹೋಗಿ ನಿನ್ನ ಕಾಲನ್ನು ತಮ್ಮ ನಕ್ಷೆಯಲ್ಲಿ ಬರೆದುಕೊಂಡರು. ಹತ್ತು ವರ್ಷ ಆ ಹಾಳೆಯನ್ನು ನೋಡಿದ್ದೇನೆ. ನರ್ಸಿನ ಮೇಲೆ, ನಿನ್ನ ಮೇಲೆ, ಸ್ಕ್ರೂಗಳ ಮೇಲೆ ಸಂಶಯಪಟ್ಟೆ, ದೊಡ್ಡವರ ಕೈಬರಹದ ಮೇಲೆ ಮಾತ್ರ ಪಡಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು.

ಕಳ್ಳ ಎಂದು ಬರೆದದ್ದಕ್ಕೆ ಕ್ಷಮೆ ಕೇಳಲೂ ನಾಚಿಕೆಯಾಗುತ್ತಿದೆ. ಮೆಟ್ಟಿಲ ಮೇಲೆ ಆಡಿದ್ದಕ್ಕೂ.

ಸಭೆಗೆ ಒಂಬತ್ತು ದಿನ ಇದೆ. ಇದ್ದದ್ದು ಇದ್ದ ಹಾಗೆ ಬರೆಯಲೆ?

ನಿನ್ನ ಮಗಳು


೭ ಮಾರ್ಚ್ ೧೯೯೬

ಮಗಳೇ,

ಬರೆಯಬೇಡ. ಈ ಪತ್ರ ತಲುಪಲಿ ಎಂದು ಟೈಪಿಸ್ಟನ ಸೈಕಲ್ಲಿನಲ್ಲಿ ದೊಡ್ಡ ಪೋಸ್ಟಾಫೀಸಿಗೇ ಕಳಿಸುತ್ತಿದ್ದೇನೆ.

ಎರಡು ದಿನ ಯೋಚಿಸಿ ಒಂದು ದಾರಿ ಕಂಡುಕೊಂಡೆ. ಇಪ್ಪತ್ತೈದನೆಯದು ಮೊದಲ ಮಾದರಿ ಎಂದು ಬರೆ. ಆರ್ಕಿಟೆಕ್ಟು ಮೊದಲು ನೆಟ್ಟನೆ ಕಾಲು ಮಾಡಿಸಿ ನೋಡಿದರು, ಬಲ ಸಾಲದೆಂದು ತಾವೇ ತಿದ್ದಿ ಉಬ್ಬು ಕೊಟ್ಟರು ಎಂದು ಬರೆ. ನರ್ಸ್ ಹುಡುಗಿ ಬಚಾವು. ಲೈಬ್ರರಿಯಮ್ಮನ ಹೆಸರು ಬರುವುದಿಲ್ಲ. ನಿನ್ನ ಪುಸ್ತಕ, ನಿನ್ನ ಕೆಲಸ ಎರಡೂ ಉಳಿಯುತ್ತವೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ನಿಜ ಬರೆದರೆ ಅವರು ನಂಬುತ್ತಾರೆ ಎಂದುಕೊಂಡಿದ್ದೀಯಾ? ಮುದುಕನಿಗೆ ಹೆಸರಿನ ಹುಚ್ಚು ಎನ್ನುತ್ತಾರೆ. ಮಗಳು ಅಪ್ಪನನ್ನು ಮೆರೆಸಲು ಹೊರಟಳು ಎನ್ನುತ್ತಾರೆ. ನೀನು ಅಲ್ಲಿ ಯಾರಿಗೂ ನಾನು ನಿನಗೆ ಏನಾಗಬೇಕು ಎಂದು ಹೇಳಿಲ್ಲವಲ್ಲ, ಒಳ್ಳೆಯದೇ ಆಯಿತು. ಹಾಗೇ ಇರಲಿ. ನನಗೇನೂ ಬೇಡ. ನಿನಗೆ ಗೊತ್ತಾಯಿತು, ಸಾಕು.

ಈ ಪತ್ರಗಳನ್ನೆಲ್ಲ ಒಲೆಗೆ ಹಾಕು.

ಅಪ್ಪ


೧೨ ಮಾರ್ಚ್ ೧೯೯೬

ಅಪ್ಪ,

ಮೊದಲು ಫಲಿತಾಂಶ ಹೇಳಿಬಿಡುತ್ತೇನೆ. ನರ್ಸಿನ ಮೇಲೆ ದೂರು ಕೊಡುವುದಿಲ್ಲ. ವರದಿಯ ಕೆಲಸವನ್ನು ನನ್ನಿಂದ ಕಿತ್ತು ಇನ್ನೊಬ್ಬರಿಗೆ ಕೊಟ್ಟಿದ್ದಾರೆ. ಅವರು ಮುಂದಿನ ವಾರ ಟೇಪ್ ರೆಕಾರ್ಡರ್ ಹಿಡಿದು ನಿನ್ನ ಮನೆಗೆ ಬರುತ್ತಾರೆ, ಮಹಾ ಸಂಶಯದ ಮನುಷ್ಯ, ಒಂದನ್ನು ಹತ್ತು ಸಲ ಕೇಳುತ್ತಾರೆ, ಸಿಟ್ಟಾಗಬೇಡ. ನನ್ನ ಪುಸ್ತಕವನ್ನು ಮ್ಯೂಸಿಯಮ್ಮಿನ ಅಂಗಡಿಯಿಂದ ಇವತ್ತು ಬೆಳಿಗ್ಗೆ ತೆಗೆದರು. ಕೆಲಸ ಉಳಿಯುವುದೋ ಇಲ್ಲವೋ ತಿಂಗಳ ಕೊನೆಗೆ ತಿಳಿಯುತ್ತದೆ. ಭಯ ಇದೆ. ಇಲ್ಲವೆಂದರೆ ಸುಳ್ಳು.

ನೀನು ಹೇಳಿದ ಹಾಗೇ ಬರೆದಿದ್ದೆ. ಮೊದಲ ಮಾದರಿ, ಆಮೇಲೆ ತಿದ್ದುಪಡಿ. ಟೈಪು ಮಾಡಿಸಿ ಒಂಬತ್ತು ಪ್ರತಿ ತೆಗೆಸಿದೆ. ಓದಿದರೆ ಬಹಳ ಚೆನ್ನಾಗಿತ್ತು. ಸಭೆಯಲ್ಲಿ ಎಲ್ಲರ ಮುಖ ಅರಳಿತು. ನಿರ್ದೇಶಕರು ಎದ್ದು ನಿಂತು, "ನೋಡಿ, ತನ್ನ ತಪ್ಪನ್ನ ತಾನೇ ತಿದ್ದಿಕೊಳ್ಳೋದು, ಅದು ದೊಡ್ಡವರ ಲಕ್ಷಣ" ಎಂದರು. ಉಳಿದ ಎಂಟೂ ಜನ ತಲೆಯಾಡಿಸಿದರು. ನನಗೆ ಆ ಮೇಷ್ಟರು ನೆನಪಾದರು, ಮುರಿದ ಕೈ ಹಿಡಿದುಕೊಂಡು ನೆಟ್ಟಗೆ ಕೂರುವುದನ್ನು ಕಲಿಯಬೇಕಾಗಿದ್ದವರು. ಎದ್ದು, ಒಂಬತ್ತು ಪ್ರತಿಗಳನ್ನೂ ಒಬ್ಬೊಬ್ಬರ ಮುಂದಿನಿಂದ ಎತ್ತಿಕೊಂಡೆ. ನಕ್ಷೆಯ ಹಾಳೆ ಬಿಚ್ಚಿ ವಿಳಾಸ ತೋರಿಸಿದೆ. ಕುರ್ಚಿಗಳನ್ನು ತರಿಸಿ ಬೋರಲು ಹಾಕಿಸಿದೆ. ಅಳತೆಪಟ್ಟಿ ಅವರ ಕೈಗೇ ಕೊಟ್ಟೆ. ನೀನು ಬರೆದದ್ದನ್ನೆಲ್ಲ ಹೇಳಿದೆ, ಸ್ನಾನದ ನೀರು ಸೇರಿ. ಲೈಬ್ರರಿಯಮ್ಮನ ಮಾತನ್ನು ನಾನು ಮುರಿದಿದ್ದೇನೆ, ನೀನಲ್ಲ.

ಆಮೇಲೆ ಒಬ್ಬ ಹಿರಿಯ ಸದಸ್ಯರು ಕನ್ನಡಕ ತೆಗೆದು ಒರೆಸುತ್ತಾ, "ಇಷ್ಟು ವರ್ಷ ಸುಮ್ನಿದ್ದೋನು ಈಗ್ಯಾಕೆ ಬಾಯಿ ಬಿಡ್ತಿದ್ದಾನೆ? ಇಂಥವರನ್ನ ಬೇಕಾದಷ್ಟು ನೋಡಿದ್ದೀನಿ. ಈ ರಿಪೇರಿಯವನ ಮಾತು ನಿಜ ಅಂತ ನೀವು ಯಾವ ಧೈರ್ಯದ ಮೇಲೆ ಹೇಳ್ತೀರಿ?" ಎಂದು ಕೇಳಿದರು.

"ಅವರು ಸುಳ್ಳು ಹೇಳಿದ್ರೆ ನನಗೆ ತಕ್ಷಣ ಗೊತ್ತಾಗತ್ತೆ, ಸಾರ್. ಜನವರಿಯಿಂದ ನನಗೇ ಸುಳ್ಳು ಹೇಳ್ತಾ ಬಂದ್ರು, ಒಂದೂ ನಿಲ್ಲಿಲ್ಲ" ಎಂದೆ. "ನಮ್ಮಪ್ಪ ಅವರು."

ನಿನ್ನ ಮಗಳು